ಕಣ್ಣಿಗೂ ಟಿಕೆಟ್ ಕೊಳ್ಳಬೇಕೆ?

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರ ಚಂದಕವಾಡಿ. ಬೆಳಗಿನ ಹೊತ್ತು, ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸು ಬಂದು ನಿಂತಿದೆ. ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೊರಟವರು, ಹೂವಿನ ಮೂಟೆ, ಬಾಳೆಗೊನೆ ಎಲ್ಲವನ್ನೂ ಹತ್ತಿಸಿಕೊಂಡ ಕಂಡಕ್ಟರ್ ಕೊನೆಗೆ ಬಾಗಿಲ ಬಳಿ ಬಂದ ಒಬ್ಬರನ್ನು ತಡೆಯುತ್ತಾರೆ. ಅವರು ಅಂಧರು. ಜತೆಯಲ್ಲಿ ಒಂದು ನಾಯಿ.

"ಯಜಮಾನ್ರೇ, ನೀವು ಹತ್ತಿ. ನಾಯಿ ಬ್ಯಾಡ."

"ಇದು ಸಾಕಿದ್ ನಾಯಿ ಅಲ್ಲ ಕಣಪ್ಪ, ನನ್ ಕಣ್ಣು."

"ಹಂಗಾದ್ರ ಕಣ್ಣಿಗ ಅರ್ಧ ಟಿಕೆಟ್ ತಗೊಳ್ಳಿ."

ಪ್ರಸಂಗ ಊಹೆಯದು. ಚಂದಕವಾಡಿಯ ಮಾತಿರಲಿ, ನಮ್ಮ ದೇಶದಲ್ಲೇ ಅಂಧರಿಗೆ ದಾರಿ ತೋರಿಸುವ ನಾಯಿಗಳು ತೀರ ವಿರಳ. ಆದರೆ ಆ ಅರ್ಧ ಟಿಕೆಟ್ ಮಾತ್ರ ಊಹೆಯದಲ್ಲ. ಮೊದಲು ಬಸ್ಸಿನಲ್ಲಿ ನಾಯಿಗೆ ವಯಸ್ಕರಂತೆ ಪೂರ್ಣ ಟಿಕೆಟ್ ಇತ್ತು. 2022ರ ಅಕ್ಟೋಬರಿನಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವು ಅದನ್ನು ಅರ್ಧಕ್ಕೆ ಇಳಿಸಿ ಸುತ್ತೋಲೆ ಹೊರಡಿಸಿತು. ಸಾಮಾನ್ಯ, ಎಕ್ಸ್‌ಪ್ರೆಸ್, ನಗರ ಮತ್ತು ಉಪನಗರ ಬಸ್ಸುಗಳಲ್ಲಿ ನಾಯಿಗೆ ಪ್ರವೇಶ ಉಂಟು. ರಾಜಹಂಸ ಮತ್ತು ಹವಾನಿಯಂತ್ರಿತ ಬಸ್ಸುಗಳಲ್ಲಿ ಇಲ್ಲ. ಅಂಧರಿಗೆ ನಿಗಮ ಉಚಿತ ಪಾಸು ಕೊಡುತ್ತದೆ. ಅವರ ಕೈಯಲ್ಲಿರುವ ಬಿಳಿ ಕೋಲಿಗೆ ಯಾರೂ ಟಿಕೆಟ್ ಕೇಳುವುದಿಲ್ಲ. ಕೋಲಿನ ಕೆಲಸವನ್ನೇ ಮಾಡುವ ನಾಯಿಗೆ ಮಾತ್ರ, ಮುದ್ದಿಗಾಗಿ ಸಾಕಿದ ನಾಯಿಯ ಲೆಕ್ಕವೇ ಅನ್ವಯಿಸುತ್ತದೆ.

ಇದು ಕೆಲವು ರೂಪಾಯಿಗಳ ಪ್ರಶ್ನೆಯಲ್ಲ. ಬಸ್ಸು, ಆಸ್ಪತ್ರೆ, ಹೋಟೆಲು, ಕಚೇರಿ ಇವೆಲ್ಲ ಸಾರ್ವಜನಿಕ ಸ್ಥಳಗಳು. ನಾಯಿಯನ್ನು ಹೊರಗೆ ಕಟ್ಟಿ ಬನ್ನಿ ಎಂದರೆ ನಾಯಿಯ ಜತೆಗೆ ಅದರ ಒಡೆಯನೂ ಹೊರಗೆ ಉಳಿದಂತೆಯೇ.

ನಾಯಿ ಮಾಡುವ ಕೆಲಸವೇನು?

ನೆರವಿನ ನಾಯಿಗಳಲ್ಲಿ ಹಲವು ಬಗೆ. ಕಿವಿ ಕೇಳದವರಿಗೆ ಬಾಗಿಲ ಗಂಟೆ, ಮಗುವಿನ ಅಳು ಕೇಳಿಸಿದೊಡನೆ ಮೈ ಮುಟ್ಟಿ ಎಚ್ಚರಿಸುವ ನಾಯಿಗಳಿವೆ. ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ವಸ್ತು ಎತ್ತಿಕೊಡುವ, ಬಾಗಿಲು ಎಳೆದು ತೆರೆಯುವ ನಾಯಿಗಳಿವೆ. ಇವುಗಳಲ್ಲಿ ಎಲ್ಲಕ್ಕಿಂತ ಪರಿಚಿತವಾದದ್ದು ಅಂಧರ ಮಾರ್ಗದರ್ಶಿ ನಾಯಿ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ತಳಿಗಳು ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿವೆ.

ನಾಯಿಯೇ ಯಜಮಾನನನ್ನು ಊರಿಂದೂರಿಗೆ ಕರೆದೊಯ್ಯುತ್ತದೆ ಎಂಬುದು ಜನರ ಕಲ್ಪನೆ. ವಾಸ್ತವ ಹಾಗಿಲ್ಲ. ಎಲ್ಲಿಗೆ ಹೋಗಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ನಿರ್ಧರಿಸುವವರು ಮನುಷ್ಯರೇ. ನಾಯಿಯ ಮೈಗೆ ಕಟ್ಟಿದ ಪಟ್ಟಿಗೆ ಗಟ್ಟಿಯಾದ ಹಿಡಿಕೆ ಇರುತ್ತದೆ. ಮೆಟ್ಟಿಲು ಬಂದರೆ, ರಸ್ತೆಯ ಅಂಚು ಬಂದರೆ ನಾಯಿ ನಿಲ್ಲುತ್ತದೆ. ಗುಂಡಿ, ಕಂಬ, ನಿಲ್ಲಿಸಿದ ಗಾಡಿಯನ್ನು ಬಳಸಿ ನಡೆಯುತ್ತದೆ. ಆ ಚಲನೆ ಹಿಡಿಕೆಯ ಮೂಲಕ ಕೈಗೆ ತಿಳಿಯುತ್ತದೆ. ಕೋಲಿಗೆ ತಾಗದ, ತಲೆಯ ಮಟ್ಟದಲ್ಲಿ ಚಾಚಿಕೊಂಡ ಕೊಂಬೆಯಿಂದಲೂ ಅದು ತಪ್ಪಿಸುತ್ತದೆ.

ತರಬೇತಿಯ ಅತಿ ಕಷ್ಟದ ಪಾಠವೆಂದರೆ ಮಾತು ಮೀರುವುದನ್ನು ಕಲಿಸುವುದು. ಒಡೆಯ 'ಮುಂದೆ ನಡೆ' ಎಂದರೂ ಎದುರಿನಿಂದ ವಾಹನ ಬರುತ್ತಿದ್ದರೆ ನಾಯಿ ಕದಲಬಾರದು. ಇದಕ್ಕಾಗಿ ಮರಿಯನ್ನು ಮೊದಲ ಒಂದು ವರ್ಷದಷ್ಟು ಕಾಲ ಒಂದು ಮನೆಯಲ್ಲಿಟ್ಟು, ಸಂತೆ, ಜನಜಂಗುಳಿ, ವಾಹನಗಳ ಸದ್ದಿಗೆ ಒಗ್ಗಿಸುತ್ತಾರೆ. ಆಮೇಲೆ ಹಲವು ತಿಂಗಳ ತರಬೇತಿ, ಕೊನೆಗೆ ನಾಯಿ ಮತ್ತು ಒಡೆಯ ಇಬ್ಬರಿಗೂ ಒಟ್ಟಿಗೆ ಪಾಠ. ಇಷ್ಟು ಕಲಿತ ನಾಯಿ ಬಸ್ಸಿನಲ್ಲಿ ಸೀಟಿನ ಕೆಳಗೆ ಮಲಗುತ್ತದೆ. ಹೋಟೆಲಿನಲ್ಲಿ ಮೇಜಿನ ಅಡಿ ಸೇರುತ್ತದೆ.

ಪಾರ್ಸೆಲ್ಲಿನಂತೆ ಹೋದವನು

ಈ ಪದ್ಧತಿ ಸಂಘಟಿತ ರೂಪ ಪಡೆದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ರಣರಂಗದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ವೈದ್ಯ ಗೆರ್ಹಾರ್ಡ್ ಸ್ಟಾಲಿಂಗ್ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಮೊದಲ ಶಾಲೆ ತೆರೆದರು. ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದ ಅಮೆರಿಕದ ಮಹಿಳೆ ಡೊರೊತಿ ಯೂಸ್ಟಿಸ್ ಜರ್ಮನಿಯ ಈ ಕೆಲಸವನ್ನು ಕಂಡು 1927ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಅದನ್ನು ಓದಿಸಿಕೊಂಡು ಕೇಳಿದ ನ್ಯಾಶ್‌ವಿಲ್‌ನ ಅಂಧ ಯುವಕ ಮೋರಿಸ್ ಫ್ರಾಂಕ್, ತನಗೂ ಅಂಥ ನಾಯಿ ಬೇಕೆಂದು ಪತ್ರ ಬರೆದ.

ಸ್ವಿಟ್ಜರ್ಲೆಂಡಿಗೆ ಹೋಗುವಾಗ ಫ್ರಾಂಕ್ ಹಡಗಿನಲ್ಲಿ ಸಾಗಿದ್ದು ಸಾಗಾಣಿಕೆ ಕಂಪನಿಯ ಸುಪರ್ದಿಗೆ ಒಪ್ಪಿಸಿದ ಪಾರ್ಸೆಲ್ಲಿನಂತೆ. 1928ರಲ್ಲಿ ಹಿಂದಿರುಗಿದಾಗ ಬಡ್ಡಿ ಎಂಬ ನಾಯಿಯ ಹಿಡಿಕೆ ಹಿಡಿದು, ಪತ್ರಕರ್ತರ ಎದುರಿಗೇ ನ್ಯೂಯಾರ್ಕಿನ ದಟ್ಟ ರಸ್ತೆಯನ್ನು ತಾನಾಗಿ ದಾಟಿದ. ಮರುವರ್ಷ ಅಮೆರಿಕದ ಮೊದಲ ಮಾರ್ಗದರ್ಶಿ ನಾಯಿ ಶಾಲೆ 'ಸೀಯಿಂಗ್ ಐ' ಆರಂಭವಾಯಿತು.

ರಸ್ತೆ ದಾಟುವುದಕ್ಕಿಂತ ಬಾಗಿಲು ದಾಟುವುದೇ ಕಷ್ಟವಾಯಿತು. ರೈಲಿನವರು ನಾಯಿಯನ್ನು ಸಾಮಾನಿನ ಡಬ್ಬಿಗೆ ಹಾಕಿ ಎಂದರು, ಹೋಟೆಲಿನವರು ಬೇಡವೆಂದರು. ಫ್ರಾಂಕ್ ಊರೂರು ತಿರುಗಿ ವಾದಿಸಿದ. ಅಮೆರಿಕದ ಎಲ್ಲ ರೈಲ್ವೆಗಳು ಒಪ್ಪಿದ್ದು 1935ರ ವೇಳೆಗೆ. ಎಲ್ಲ ರಾಜ್ಯಗಳಲ್ಲೂ ಕಾನೂನಾಗಿದ್ದು 1956ರ ವೇಳೆಗೆ. ಬಡ್ಡಿ ಬಂದಿಳಿದ 28 ವರ್ಷಗಳ ಮೇಲೆ!

ಜಪಾನಿನ ಕಥೆ ಇನ್ನೂ ದೀರ್ಘ. ಅಲ್ಲಿ ಮೊದಲ ಮಾರ್ಗದರ್ಶಿ ನಾಯಿ ತಯಾರಾದದ್ದು 1957ರಲ್ಲಿ. ನೆರವಿನ ನಾಯಿಗಳ ಕಾಯ್ದೆ ಬಂದದ್ದು 2002ರಲ್ಲಿ. ನಾಯಿ ಮೊದಲು ಬಂದು ನಿಯಮ ಆಮೇಲೆ ಬಂದರೆ, ನಡುವಿನ ಅಷ್ಟೂ ವರ್ಷ ಬಾಗಿಲಲ್ಲಿ ನಿಂತು ವಾದ ಮಾಡಬೇಕಾದವರು ಅಂಗವಿಕಲರೇ.

ಎರಡು ಪ್ರಶ್ನೆ, ಒಂದು ಚೀಟಿ

ಯಾವ ನಾಯಿ ನೆರವಿನದು, ಯಾವುದು ಅಲ್ಲ ಎಂದು ಬಾಗಿಲಲ್ಲಿ ನಿಂತ ನೌಕರನಿಗೆ ತಿಳಿಯುವುದು ಹೇಗೆ? ಇದಕ್ಕೆ ದೇಶಗಳು ಬೇರೆ ಬೇರೆ ದಾರಿ ಕಂಡುಕೊಂಡಿವೆ.

ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ನಿಯಮಗಳಂತೆ ಅಂಗಡಿ, ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೆ? ಇದು ಯಾವ ಕೆಲಸ ಕಲಿತಿದೆ? ಕಾಗದಪತ್ರ ಕೇಳುವಂತಿಲ್ಲ. ನಾಯಿ ಹತೋಟಿ ತಪ್ಪಿದರೆ, ಗಲೀಜು ಮಾಡಿದರೆ ಹೊರಗೆ ಕಳುಹಿಸುವ ಹಕ್ಕೂ ಅವರಿಗುಂಟು. ಜಪಾನಿನಲ್ಲಿ ನಾಯಿಯ ಮೈಮೇಲೆ ಗುರುತಿನ ಚೀಟಿ ಇರಬೇಕು. ಅದನ್ನು ಶುಚಿಯಾಗಿಡುವ ಹೊಣೆ ಒಡೆಯನದು. ಅಷ್ಟಿದ್ದರೆ ಬಸ್ಸು, ರೈಲು, ಹೋಟೆಲು, ಆಸ್ಪತ್ರೆಗಳು ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಂತೆ ಟ್ಯಾಕ್ಸಿಯವರು ಇಂಥ ನಾಯಿಗೆ ಹೆಚ್ಚಿನ ಬಾಡಿಗೆ ಕೇಳುವುದೂ ತಪ್ಪು.

ಇದರ ದುರುಪಯೋಗವೂ ಆಗಿದೆ. ಅಮೆರಿಕದಲ್ಲಿ ಮನಸ್ಸಿನ ನೆಮ್ಮದಿಗೆಂದು ಹೇಳಿ ಬಗೆಬಗೆಯ ಸಾಕುಪ್ರಾಣಿಗಳನ್ನು ವಿಮಾನಕ್ಕೆ ತರತೊಡಗಿದಾಗ, 2021ರಿಂದ ತರಬೇತಾದ ನಾಯಿಗಳಿಗಷ್ಟೇ ಆ ಸೌಲಭ್ಯವನ್ನು ಮಿತಿಗೊಳಿಸಲು ವಿಮಾನ ಸಂಸ್ಥೆಗಳಿಗೆ ಅವಕಾಶ ಕೊಡಲಾಯಿತು.

ನಮ್ಮಲ್ಲಿ ಏನಿದೆ?

ಭಾರತ 2007ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. ಓಡಾಟಕ್ಕೆ ಬೇಕಾದ 'ಜೀವಂತ ನೆರವನ್ನು' ಸುಲಭಗೊಳಿಸಬೇಕು ಎಂದು ಅದರ 20ನೇ ವಿಧಿ ಹೇಳುತ್ತದೆ. ಮಾರ್ಗದರ್ಶಿ ನಾಯಿಯೂ ಈ ಮಾತಿನಲ್ಲಿ ಸೇರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಈ ಒಡಂಬಡಿಕೆಗೆ ಅನುಗುಣವಾಗಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ರೂಪುಗೊಂಡಿತು. ಅದರಲ್ಲಿ ನಾಯಿಯ ಪ್ರಸ್ತಾಪ ಇಲ್ಲ. ಆದರೆ ತಾರತಮ್ಯ ಸಲ್ಲದು ಎಂದು 3ನೇ ಕಲಮು ಹೇಳುತ್ತದೆ. ಎದುರಿಗಿರುವವರಿಗೆ ವಿಪರೀತ ಹೊರೆಯಾಗದಂತೆ, ಅಂಗವಿಕಲರ ಅಗತ್ಯಕ್ಕೆ ತಕ್ಕ ಬದಲಾವಣೆ ಮಾಡಿಕೊಡಬೇಕೆಂಬ ತತ್ವವೂ ಅದರಲ್ಲಿದೆ. ಅದನ್ನೇ ಹಿಡಿದು ನಾಯಿಯ ಪರ ವಾದಿಸಲು ಸಾಧ್ಯ. ಆದರೆ ಬೆಳಗಿನ ಬಸ್ಸಿನ ಬಾಗಿಲಲ್ಲಿ ಕಾಯ್ದೆಯ ಕಲಮು ಬಿಡಿಸಿ ಹೇಳುವಷ್ಟು ಪುರುಸೊತ್ತು ಯಾರಿಗಿದೆ?

ನಾಯಿಯನ್ನು ಹೆಸರಿಸಿ ಬರೆದಿರುವುದು ವಿಮಾನಯಾನದ ನಿಯಮ. ಮೊದಲೇ ತಿಳಿಸಿದ್ದರೆ ಅಂಗವಿಕಲ ಪ್ರಯಾಣಿಕರ ಮಾರ್ಗದರ್ಶಿ ನಾಯಿಯನ್ನು ವಿಮಾನದ ಒಳಗೆ ಬಿಡಲು ನಿರಾಕರಿಸುವಂತಿಲ್ಲ ಎನ್ನುತ್ತದೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ರೈಲಿನಲ್ಲಿ ಸಾಮಾನ್ಯವಾಗಿ ನಾಯಿಗೆ ಜಾಗ ಮೊದಲ ದರ್ಜೆಯ ಖಾಸಗಿ ಕೋಣೆಯಲ್ಲಿ, ಇಲ್ಲವೇ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ. ಬಸ್ಸಿನ ಕಥೆ ಮೇಲೆ ಹೇಳಿದ್ದೇ. ಹೀಗೆ ಆಕಾಶದಲ್ಲಿ ಹಾರುವವರಿಗೆ ಇರುವ ಹಕ್ಕು ಚಂದಕವಾಡಿಯಿಂದ ಚಾಮರಾಜನಗರಕ್ಕೆ ಹೋಗುವವರಿಗೆ ಇಲ್ಲ.

ನಿಯಮವಿದ್ದರೂ ಸಾಲದು ಎಂಬುದಕ್ಕೆ ಉದಾಹರಣೆಯಿದೆ. 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಜೀಜಾ ಘೋಷ್ ಅವರನ್ನು ಕೋಲ್ಕತ್ತದಲ್ಲಿ ವಿಮಾನದಿಂದ ಇಳಿಸಲಾಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಂಗವಿಕಲರಿಗೆ ಸಾರ್ವಜನಿಕ ಸ್ಥಳಗಳನ್ನು ಮುಕ್ತಗೊಳಿಸುವ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಅದೇ ನ್ಯಾಯಾಲಯ 2024ರ ನವೆಂಬರ್ 8ರಂದು ಹೇಳಿತು.

ಭಯ ಸುಳ್ಳಲ್ಲ

ನಾಯಿ ಎಂದೊಡನೆ ಜನ ಹಿಂಜರಿಯುವುದಕ್ಕೆ ಕಾರಣವಿಲ್ಲದಿಲ್ಲ. ಬೀದಿನಾಯಿಗಳ ಕಡಿತ, ಹುಚ್ಚುನಾಯಿ ರೋಗದ ಭಯ ನಮ್ಮ ಊರುಗಳ ನಿತ್ಯದ ಅನುಭವ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕೆಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. 'ನಾಯಿ ಒಳಗೆ ಬರಕೂಡದು' ಎಂಬ ಅಪ್ಪಣೆ ಪಡೆದ ಆಸ್ಪತ್ರೆಯ ಕಾವಲುಗಾರನಿಗೆ, ಪಟ್ಟಿ ಕಟ್ಟಿದ ನಾಯಿ ಬೇರೆ ಎಂದು ಯಾರಾದರೂ ತಿಳಿಸಬೇಕಲ್ಲವೆ? ಬೀದಿನಾಯಿಗಳ ಹಾವಳಿ ಮಾರ್ಗದರ್ಶಿ ನಾಯಿಗೂ ಅಪಾಯವೇ.

ಇನ್ನೊಂದು ಅಡ್ಡಿ ಮಡಿ ಮೈಲಿಗೆಯದು. ಆದರೆ ನಮ್ಮ ಪರಂಪರೆ ನಾಯಿಯನ್ನು ಬರೀ ದೂರ ಇಟ್ಟದ್ದಲ್ಲ. ಚಾಮರಾಜನಗರ ಸೀಮೆಯ ಗೊರವರು ತಮ್ಮನ್ನು ಮೈಲಾರಲಿಂಗನ ನಾಯಿಗಳೆಂದೇ ಭಾವಿಸಿ, ದೋಣಿ ಸೇವೆಯಲ್ಲಿ ಬೊಗಳುತ್ತ, ದೋಣಿಯ ಹಾಲು ಬಾಳೆಹಣ್ಣಿಗೆ ಬಾಯಿಡುತ್ತಾರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ಮಣಲೆರನೆಂಬ ವೀರ, ಹಂದಿಯೊಡನೆ ಹೋರಾಡಿ ಸತ್ತ ತನ್ನ ಕಾಳಿ ಎಂಬ ನಾಯಿಗೆ ದೇವಾಲಯದ ಮುಂದೆಯೇ ಕಲ್ಲು ನೆಡಿಸಿ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದು ಶಾಸನ ಹೇಳುತ್ತದೆ. ಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಹಾಭಾರತದ ಕೊನೆಯಲ್ಲಿ ನಾಯಿಯನ್ನು ಬಿಟ್ಟು ರಥ ಹತ್ತು ಎಂದ ಇಂದ್ರನಿಗೆ ಧರ್ಮರಾಯ ಒಪ್ಪಲಿಲ್ಲ ಎಂಬುದು ಎಲ್ಲರೂ ಬಲ್ಲ ಕಥೆ.

ಹಳೆಯ ಕಾಲವೇಕೆ? 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಜನರನ್ನು ಕೊಂದ ಹುಲಿಯ ಹುಡುಕಾಟದಲ್ಲಿ ಬಂಡೀಪುರದ ಅರಣ್ಯ ಇಲಾಖೆಯ ನಾಯಿ ರಾಣಾ ಇತ್ತು. ಪೊಲೀಸ್ ನಾಯಿ ರೈಲ್ವೆ ನಿಲ್ದಾಣವನ್ನೋ ಸಭಾಂಗಣವನ್ನೋ ಶೋಧಿಸಲು ಬಂದರೆ ಯಾರೂ ಟಿಕೆಟ್ ಕೇಳುವುದಿಲ್ಲ. ಅದು ಕರ್ತವ್ಯದ ಮೇಲಿದೆ ಎಂದು ಎಲ್ಲರಿಗೂ ಗೊತ್ತು. ಅಂಧರ ನಾಯಿಯೂ ಕರ್ತವ್ಯದ ಮೇಲೆಯೇ ಇದೆ. ಧರ್ಮರಾಯ ತೋರಿದ್ದು ಶರಣು ಬಂದ ಪ್ರಾಣಿಯ ಮೇಲಿನ ದಯೆ. ಇಲ್ಲಿ ಬೇಕಾಗಿರುವುದು ದಯೆಯಲ್ಲ, ನಿಯಮ.

ಒಂದು ಸಾಲು ಸಾಕು

ನಾಯಿಗಳೇ ಇಲ್ಲದಿರುವಾಗ ನಿಯಮವೇಕೆ ಎಂದು ಕೇಳಬಹುದು. ಆದರೆ ಬಸ್ಸು, ಆಸ್ಪತ್ರೆ, ಕಚೇರಿ ಯಾವುದಕ್ಕೂ ಖಾತರಿ ಪ್ರವೇಶವಿಲ್ಲದ ನಾಯಿಯನ್ನು ವರ್ಷಗಟ್ಟಲೆ ದುಡ್ಡು ಸುರಿದು ಪಳಗಿಸುವವರು ಯಾರು? ನಿಯಮವಿಲ್ಲವೆಂದು ನಾಯಿ ಬರುವುದಿಲ್ಲ, ನಾಯಿ ಬಂದಿಲ್ಲವೆಂದು ನಿಯಮ ಬರುವುದಿಲ್ಲ. ನಿಯಮ ಬಂದ ಮಾತ್ರಕ್ಕೆ ತರಬೇತಿ ಶಾಲೆ, ನಡೆಯಲು ಪಾದಚಾರಿ ಮಾರ್ಗ ತಾವಾಗಿ ಬರುವುದಿಲ್ಲ, ನಿಜ. ಆದರೆ ಇವುಗಳಲ್ಲಿ ಖರ್ಚಿಲ್ಲದೆ ಇಂದೇ ಆಗಬಹುದಾದದ್ದು ನಿಯಮ ಒಂದೇ.

ಸಾರಿಗೆ ನಿಗಮದ ಸುತ್ತೋಲೆಗೆ ಒಂದು ಸಾಲು ಸೇರಿಸಿದರೆ ಸಾಕು: ಅಂಗವಿಕಲರ ಜತೆಗಿರುವ, ತರಬೇತಾದ, ಗುರುತುಪಟ್ಟಿ ಕಟ್ಟಿದ ನೆರವಿನ ನಾಯಿಗೆ ಎಲ್ಲ ಬಸ್ಸುಗಳಲ್ಲೂ ಉಚಿತ ಪ್ರವೇಶ. ಕಂಡಕ್ಟರುಗಳ ತರಬೇತಿಯಲ್ಲಿ ಅದಕ್ಕೊಂದು ಹತ್ತು ನಿಮಿಷ ಮೀಸಲಿಟ್ಟರೆ ಆಯಿತು. ಪ್ರವೇಶ ನಿರಾಕರಿಸಿದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವ ವ್ಯವಸ್ಥೆ 2016ರ ಕಾಯ್ದೆಯಲ್ಲಿ ಈಗಾಗಲೇ ಇದೆ.

ಉಳಿದದ್ದು ನಮ್ಮ ನಿಮ್ಮ ಪಾಲಿನದು. ಪಟ್ಟಿ ಕಟ್ಟಿದ ನಾಯಿಯನ್ನು ಎಂದಾದರೂ ಕಂಡರೆ ತಲೆ ಸವರಬಾರದು, ಬಿಸ್ಕತ್ತು ಹಾಕಬಾರದು, ಕರೆಯಬಾರದು. ಅದರ ಗಮನ ಒಂದು ಕ್ಷಣ ತಪ್ಪಿದರೆ ಎಡವುವವರು ಅದನ್ನು ನಂಬಿ ನಡೆಯುತ್ತಿರುವವರು. ಮಾತಾಡಬೇಕೆನಿಸಿದರೆ ಹಿಡಿಕೆ ಹಿಡಿದವರನ್ನು ಮಾತಾಡಿಸಿ, ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಡಿ. ನಾಯಿ ತನ್ನ ಜಾಗವನ್ನು ತಾನೇ ಸೀಟಿನ ಕೆಳಗೆ ನೋಡಿಕೊಳ್ಳುತ್ತದೆ.