ಬರೆದ ದೇವರಿಗೆ ಮುಗಿದ ಕೈ

2025ರ ಜುಲೈ ಕೊನೆಯಲ್ಲಿ ತೆರೆಕಂಡ ‘ಮಹಾವತಾರ ನರಸಿಂಹ’ ಆ್ಯನಿಮೇಷನ್ ಚಿತ್ರವನ್ನು ಜನ ಮಕ್ಕಳು ಮರಿ ಸಮೇತ ಹೋಗಿ, ಚಪ್ಪಲಿ ಕಳಚಿಟ್ಟು, ಕೈ ಮುಗಿದು, ಕೆಲವೆಡೆ ಭಜನೆ ಹಾಡುತ್ತ ನೋಡಿದರು. 1975ರಲ್ಲಿ ‘ಜೈ ಸಂತೋಷಿ ಮಾ’ ತೆರೆಯ ಮುಂದೆಯೂ ಹೂವು, ಕಾಸು ಬಿದ್ದಿದ್ದವು. ಆದರೆ ಅಲ್ಲಿದ್ದವರು ನಟರು. ಇಲ್ಲಿರುವುದು ಬರೀ ಬರೆದ ಚಿತ್ರ.

ಗುಟ್ಟು ಬಹುಶಃ ಅಲ್ಲೇ ಇದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು ಅಬ್ಬರಿಸಿದರೂ ಪ್ರೇಕ್ಷಕನಿಗೆ ಕಂಡದ್ದು ರಾಜಕುಮಾರ್. ವರದಾಮೂಲದ ಸುತ್ತಿನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಯಕ್ಷಗಾನ ಪ್ರೇಕ್ಷಕನೂ ಹಾಗೆಯೇ. ಕಂಬದಿಂದ ನರಸಿಂಹ ಹೊರಬಿದ್ದಾಗ ಮೈ ಜುಮ್ಮೆಂದರೂ ವೇಷದೊಳಗೆ ಯಾರು, ಕುಣಿತ ಹೇಗಿತ್ತು, ಭಾಗವತರ ಪದ ಏರಿತೇ ಎಂಬ ಲೆಕ್ಕ ತಪ್ಪುವುದಿಲ್ಲ. ಬರೆದ ದೇವರ ಒಳಗೆ ಅಂಥ ಮನುಷ್ಯನಿಲ್ಲ. ಅವನು ಗೋಡೆಯ ಪಟದ ನೆಂಟ. ರವಿವರ್ಮನ ಅಚ್ಚುಕೂಟದ ಕಾಲದಿಂದಲೂ ಪಟಕ್ಕೆ ನಾವು ದೀಪ ಹಚ್ಚುತ್ತಲೇ ಬಂದಿದ್ದೇವೆ.

ತೊಡಕೂ ಇದೆ. 1973ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದ ಕೆ.ವಿ. ಸುಬ್ಬಣ್ಣ, ಹಳ್ಳಿಗರಿಗೆ ಜಗತ್ತಿನ ಸಿನಿಮಾ ತೋರಿಸಿ ಮಾತಿಗೆಳೆದರು. ಕೈ ಮುಗಿದಲ್ಲಿ ಆ ಮಾತು ನಿಲ್ಲುತ್ತದೆ. ಕಾಳಗ ಉದ್ದವಾಯಿತು, ಉಗ್ರರೂಪಕ್ಕೆ ಪುಟ್ಟ ಮಕ್ಕಳು ಹೆದರಿಯಾರು ಎಂದರೆ ದೇವರನ್ನೇ ಅಂದಂತೆ. ಆಟ ಮುಗಿದ ಬೆಳಿಗ್ಗೆ ನರಸಿಂಹನ ಹೆಜ್ಜೆ ತಾಳಕ್ಕೆ ಕೂಡಲಿಲ್ಲವೆಂದು ಗೊಣಗುವ ಮಲೆನಾಡಿನ ಅಜ್ಜನಿಗೆ ಆ ಸಂಕೋಚವಿಲ್ಲ.