ಪುರಾತತ್ವ ಓದಿದರೆ ತಿಂಗಳಿಗೆ 37 ಸಾವಿರ ಸಿಗುತ್ತಾ? ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ಮದ್ದೂರು ಕಡೆಯ ಓದುಗರೊಬ್ಬರು ನಮಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ, ‘ಇದು ನಿಜವೇ ನೋಡಿ ಹೇಳಿ, ಮಗಳು ಎಂಎ ಸೇರಬೇಕು ಅಂತಿದ್ದಾಳೆ’ ಎಂದು ಕೇಳಿದ್ದರು. ಪುರಾತತ್ವ ಅಥವಾ ಮಾನವಶಾಸ್ತ್ರದಲ್ಲಿ ಎಂಎ ಸೇರುವ ಎಲ್ಲರಿಗೂ ಕೇಂದ್ರ ಸರ್ಕಾರ ತಿಂಗಳಿಗೆ 37,000 ರೂಪಾಯಿ ಕೊಡುತ್ತದೆ, ಕೆಳಗಿನ ಲಿಂಕ್ ಒತ್ತಿ ನೋಂದಣಿ ಶುಲ್ಕ ಕಟ್ಟಿ ಎಂಬುದು ಅದರ ಸಾರಾಂಶ. ಅದೇ ಗುಂಪಿನಲ್ಲಿ ಇನ್ಯಾರೋ ಉತ್ತರವನ್ನೂ ಹಾಕಿದ್ದರಂತೆ: ಇದೆಲ್ಲ ಹೊಟ್ಟೆಗೆ ಹಿಟ್ಟು ಕೊಡದ ಓದು, ಸರ್ಕಾರ ಇದಕ್ಕೆ ಬಿಡಿಗಾಸೂ ಕೊಡಲ್ಲ, ಬಿ.ಇಡಿ ಮಾಡಿಸಿ ಸಾಕು ಅಂತ.

ಪರಿಶೀಲಿಸಿದೆವು. ಎರಡೂ ಸುಳ್ಳು. ಆದರೆ ಮೊದಲನೆಯದರಲ್ಲಿರುವ 37,000 ಎಂಬ ಅಂಕಿ ಮಾತ್ರ ನಿಜ. ಅರ್ಧ ನಿಜ ಇರುವ ಫಾರ್ವರ್ಡ್‌ಗಳೇ ಹೆಚ್ಚು ಜನರನ್ನು ಬೀಳಿಸುವುದು.

37,000 ಬಂದದ್ದು ಎಲ್ಲಿಂದ?

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಕೊಡುವ ಜೂನಿಯರ್ ರಿಸರ್ಚ್ ಫೆಲೋಶಿಪ್‌ನ ಮೊತ್ತ ಅದು. ಜನ ಜೆಆರ್‌ಎಫ್ ಎಂದು ಕರೆಯುವುದು ಇದನ್ನೇ. 2023ರ ಜನವರಿ 1ರಿಂದ ಅನ್ವಯವಾಗುವಂತೆ ಇದನ್ನು 31,000ದಿಂದ 37,000ಕ್ಕೆ ಏರಿಸಲಾಯಿತು. ಎರಡು ವರ್ಷ ಇದು ಸಿಗುತ್ತದೆ. ಆಮೇಲೆ ಸಂಶೋಧನೆಯ ಪ್ರಗತಿ ನೋಡಿ ಸೀನಿಯರ್ ಫೆಲೋಶಿಪ್‌ಗೆ ಏರಿಸಿದರೆ ತಿಂಗಳಿಗೆ 42,000. ಒಟ್ಟು ಐದು ವರ್ಷ. ಪುಸ್ತಕ, ಓಡಾಟದ ಖರ್ಚಿಗೆಂದು ಮಾನವಿಕ ವಿಷಯಗಳವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ನಂತರ 20,500 ಬೇರೆ ಬರುತ್ತದೆ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆಯೂ ಉಂಟು.

ಇದು ಎಂಎ ಸೇರಿದವರಿಗೆ ಕೊಡುವ ಹಣವಲ್ಲ. ಎನ್‌ಇಟಿ ಪರೀಕ್ಷೆಯಲ್ಲಿ ಜೆಆರ್‌ಎಫ್ ಮಟ್ಟದ ಅಂಕ ಪಡೆದು, ಪಿಎಚ್‌ಡಿಗೆ ಸೇರಿದವರಿಗೆ ಮಾತ್ರ. ಪುರಾತತ್ವ, ಮಾನವಶಾಸ್ತ್ರ ಎರಡೂ ಎನ್‌ಇಟಿಯಲ್ಲಿ ಪ್ರತ್ಯೇಕ ವಿಷಯಗಳು. ಹಾಗಾಗಿ ದುಡ್ಡೇ ಇಲ್ಲ ಅನ್ನುವವರೂ ತಪ್ಪು, ಸೇರಿದ ತಕ್ಷಣ ಸಿಗುತ್ತದೆ ಅನ್ನುವವರೂ ತಪ್ಪು. ದುಡ್ಡು ಇದೆ, ಆದರೆ ಅದು ಇರುವುದು ಪಿಎಚ್‌ಡಿಯಲ್ಲಿ. ನಮ್ಮ ಕಡೆಯ ಮಕ್ಕಳು ಓದು ಬಿಡುವುದು ಅದಕ್ಕಿಂತ ಮುಂಚಿನ ಎರಡು ವರ್ಷಗಳಲ್ಲಿ.

ಮಂಡ್ಯದವರಿಗೆ ಇದ್ಯಾಕೆ ಅನ್ನುವವರಿಗೆ

ಮದ್ದೂರು ತಾಲ್ಲೂಕಿನ ಆತಕೂರಿನ ಹೆಸರು ಕೇಳಿರುತ್ತೀರಿ. ಅಲ್ಲಿ ಸಿಕ್ಕ ಕ್ರಿ.ಶ. 949-50ರ ವೀರಗಲ್ಲಿನಲ್ಲಿ ಕಾಳಿ ಎಂಬ ನಾಯಿಯ ಕಥೆ ಇದೆ. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಕೊಟ್ಟ ನಾಯಿ ಅದು. ಕಾಡುಹಂದಿಯ ಮೇಲೆ ಬಿದ್ದು ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸುದ್ದಿಯೂ ಇದೆ. ಇವತ್ತು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಮಾಲೆಯಲ್ಲಿ ಏಳನೆಯ ಸಂಪುಟವೇ ಮೀಸಲು. ಇವನ್ನು ಓದಬಲ್ಲವರು ಹಳಗನ್ನಡ ಗೊತ್ತಿರುವ ಊರಿನ ಹುಡುಗ ಹುಡುಗಿಯರೇ ಆದರೆ ಅನುಕೂಲವಲ್ಲವೇ?

ಇಲ್ಲೊಂದು ಸಣ್ಣ ತಿದ್ದುಪಡಿ. ಮಳವಳ್ಳಿಯಲ್ಲಿ ಶಾತಕರ್ಣಿಯ ಪ್ರಾಕೃತ ಶಾಸನ ಇದೆ ಎಂಬ ಮಾತನ್ನು ಕೆಲವರು ನಮ್ಮ ಮಳವಳ್ಳಿಗೆ ಅಂಟಿಸುತ್ತಾರೆ. ಆ ಶಾಸನ ಇರುವುದು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ.

ಇನ್ನು ಮಾನವಶಾಸ್ತ್ರ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಮಂಡ್ಯಕ್ಕೆ ಬಂದರು. ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಸುಮಾರು ಎರಡು ವರ್ಷ ಕ್ಷೇತ್ರಕಾರ್ಯ ಮಾಡಿದರು. ಒಂದು ಹಳ್ಳಿಗೆ ನಾಲೆ ನೀರು ಬಂದಿತ್ತು, ಇನ್ನೊಂದು ಎತ್ತರದಲ್ಲಿದ್ದುದರಿಂದ ಒಣ ಬೇಸಾಯದಲ್ಲೇ ಉಳಿದಿತ್ತು. ಪುಸ್ತಕದಲ್ಲಿ ಅವಕ್ಕೆ ವಂಗಲ, ದಲೆನ ಎಂದು ಬದಲಿ ಹೆಸರು ಕೊಟ್ಟರು. ನೀರು ಬಂದ ಊರು ಕಬ್ಬು ಬೆಳೆದು ದುಡ್ಡು ಕಂಡಿತು, ಆದರೆ ಅದರ ಹಳೆಯ ಕಟ್ಟುಪಾಡು ಅಷ್ಟಾಗಿ ಅಲುಗಲಿಲ್ಲ. ನೀರು ಬಾರದ ಊರಿನವರು ಕೆಲಸ, ವ್ಯಾಪಾರ ಹುಡುಕಿ ಮಂಡ್ಯ ಪೇಟೆಗೆ ಹೊರಟರು, ಊರಿನ ಸಂಬಂಧಗಳು ಹೆಚ್ಚು ಬದಲಾದವು. 1962ರಲ್ಲಿ ಪುಸ್ತಕ ಬಂತು. 1970ರಲ್ಲಿ ಮತ್ತೆ ಬಂದು ನೋಡಿ 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ಮಂಡ್ಯದ ನೀರಾವರಿ ಜಗತ್ತಿನ ಮಾನವಶಾಸ್ತ್ರ ತರಗತಿಗಳಿಗೆ ಹೋದದ್ದು ಹೀಗೆ. ಎರಡು ವರ್ಷ ಹಳ್ಳಿಯಲ್ಲಿ ಕೂತು ನೋಡಲು ಯಾರಾದರೂ ಖರ್ಚು ಕೊಡಲೇಬೇಕು. ಈ ಓದಿನಲ್ಲಿ ಹಣದ ಮಾತು ಯಾಕೆ ಮುಖ್ಯ ಎಂಬುದಕ್ಕೆ ಇಷ್ಟು ಸಾಕು.

ಎಂಎ ಎರಡು ವರ್ಷ: ಕಷ್ಟ ಇರುವುದು ಇಲ್ಲೇ

ಮಂಡ್ಯದವರಿಗೆ ಹತ್ತಿರ ಇರುವುದು ಮೈಸೂರಿನ ಮಾನಸಗಂಗೋತ್ರಿ. ಅಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವೂ ಇದೆ, ಮಾನವಶಾಸ್ತ್ರ ವಿಭಾಗವೂ ಇದೆ. ಮಂಡ್ಯ, ಮದ್ದೂರಿನವರಿಗೆ ರೈಲುಂಟು, ಮಳವಳ್ಳಿಯವರಿಗೆ ಬಸ್ಸೇ ಗತಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ. ಇದನ್ನು ಯಾರೂ ವಿದ್ಯಾರ್ಥಿವೇತನ ಅನ್ನುವುದಿಲ್ಲ, ಆದರೆ ದಿನಾ ಓಡಾಡುವವರಿಗೆ ಇದೂ ಒಂದು.

ಎಂಎ ಹಂತದಲ್ಲಿ ದೊಡ್ಡ ಮೊತ್ತ ಒಂದೇ: ಯುಜಿಸಿಯ ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನ. ತಿಂಗಳಿಗೆ 15,000ದಂತೆ ವರ್ಷಕ್ಕೆ ಹತ್ತು ತಿಂಗಳು, ಅಂದರೆ 1.5 ಲಕ್ಷ. ದೇಶಕ್ಕೆಲ್ಲ ಸೇರಿ 10,000 ಮಂದಿಗೆ, ಅದರಲ್ಲಿ ಶೇ 30 ಹೆಣ್ಣುಮಕ್ಕಳಿಗೆ. ಪದವಿಯ ಅಂಕಗಳ ಮೇಲೆ ಆಯ್ಕೆ. ರೆಗ್ಯುಲರ್ ಎಂಎ ಮೊದಲ ವರ್ಷದಲ್ಲೇ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ವಯಸ್ಸು 30 ಮೀರಿರಬಾರದು. ದೂರಶಿಕ್ಷಣದವರಿಗೆ ಇಲ್ಲ. ಎರಡನೇ ವರ್ಷಕ್ಕೆ ಬಂದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ರಾಜ್ಯದ ಕಡೆಯಿಂದ ಬರುವುದು ಸಣ್ಣ ಮೊತ್ತ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಯೋಜನೆಯಲ್ಲಿ ಸ್ನಾತಕೋತ್ತರ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಎಂದು ನಿಗದಿಯಾಗಿತ್ತು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಎಂದು ನಿಗದಿಯಾಗಿತ್ತು. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಅರ್ಜಿ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ನಿಯಮಗಳು ವರ್ಷ ವರ್ಷ ತಿದ್ದುಪಡಿಯಾಗುವುದರಿಂದ ಆ ವರ್ಷದ ಸುತ್ತೋಲೆಯನ್ನೇ ನೋಡಬೇಕು. ಒಂದು ಮಾತು ನೇರವಾಗಿ ಹೇಳುತ್ತೇವೆ: ಮೈಸೂರಿನಲ್ಲಿ ರೂಮು ಮಾಡಿಕೊಂಡು ಇರುವವರಿಗೆ ಇವುಗಳಿಂದ ವರ್ಷ ನಡೆಯುವುದಿಲ್ಲ. ಹಾಸ್ಟೆಲ್ ಸೀಟೇ ಇಲ್ಲಿ ನಿಜವಾದ ವಿದ್ಯಾರ್ಥಿವೇತನ. ಸೇರುವ ದಿನವೇ ಅದಕ್ಕೂ ಅರ್ಜಿ ಕೊಡಿ.

ಎನ್‌ಇಟಿ, ಕೆ-ಸೆಟ್ ಗೊಂದಲ

ಕೆ-ಸೆಟ್ ಪಾಸಾದರೆ ಫೆಲೋಶಿಪ್ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಬರುವುದಿಲ್ಲ. ಕೆ-ಸೆಟ್ ಕೊಡುವುದು ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಮಾತ್ರ. ಜೆಆರ್‌ಎಫ್ ಬೇಕಾದರೆ ಎನ್‌ಇಟಿಯನ್ನೇ ಬರೆಯಬೇಕು. ಎಂಎಯಲ್ಲಿ ಶೇ 55, ಪರಿಶಿಷ್ಟರು, ಹಿಂದುಳಿದ ವರ್ಗ, ಅಂಗವಿಕಲರಿಗೆ ಶೇ 50 ಬೇಕು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಮಹಿಳೆಯರಿಗೆ, ಮೀಸಲಾತಿ ವರ್ಗಗಳಿಗೆ ಐದು ವರ್ಷ ಸಡಿಲಿಕೆ ಇದೆ. ಮದುವೆ, ಮಗು ಎಂದು ಓದು ಬಿಟ್ಟ ಹೆಣ್ಣುಮಕ್ಕಳು 35ರವರೆಗೂ ಬರೆಯಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ತೊಂದರೆ ಏನೆಂದರೆ ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಎಂಎ ಓದಿದವರು ವಿಷಯ ಗೊತ್ತಿದ್ದೂ ಪದ ಗೊತ್ತಿಲ್ಲದೆ ಅಂಕ ಕಳೆದುಕೊಳ್ಳುತ್ತಾರೆ. ಇದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಬದಲಾಗುವವರೆಗೆ ಹಳೆಯ ಪ್ರಶ್ನೆಪತ್ರಿಕೆಗಳ ಪಾರಿಭಾಷಿಕ ಪದಗಳನ್ನು ಎಂಎ ಮೊದಲ ವರ್ಷದಿಂದಲೇ ಬರೆದಿಟ್ಟುಕೊಳ್ಳುವುದು ಉತ್ತಮ.

ಫಾರ್ವರ್ಡ್‌ಗಳ ವಿಷಯ ಬಂದಿದ್ದರಿಂದ ಇದನ್ನೂ ನೆನಪಿಸಬೇಕು. 2024ರ ಜೂನ್ 18ರಂದು 9 ಲಕ್ಷಕ್ಕೂ ಹೆಚ್ಚು ಮಂದಿ ಎನ್‌ಇಟಿ ಬರೆದರು. ಮರುದಿನವೇ ಪರೀಕ್ಷೆ ರದ್ದಾಯಿತು. ಪ್ರಶ್ನೆಪತ್ರಿಕೆ ಮೊದಲೇ ಸೋರಿಕೆಯಾಗಿದೆ ಎಂದು ಟೆಲಿಗ್ರಾಂನಲ್ಲಿ ಒಂದು ಸ್ಕ್ರೀನ್‌ಶಾಟ್ ಓಡಾಡಿತ್ತು. ಆ ಸ್ಕ್ರೀನ್‌ಶಾಟನ್ನು ತಿದ್ದಲಾಗಿದೆ, ಪರೀಕ್ಷೆ ಶುರುವಾದ ಮೇಲೆ ತೆಗೆದ ಚಿತ್ರಕ್ಕೆ ಹಿಂದಿನ ದಿನಾಂಕ ಬರುವಂತೆ ಮಾಡಲಾಗಿದೆ ಎಂದು ಸಿಬಿಐ ತನಿಖೆಯಲ್ಲಿ ಕಂಡುಬಂತು. ಅಷ್ಟರಲ್ಲಿ ಎಲ್ಲರೂ ಆಗಸ್ಟ್-ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಯಿತು.

ಜೆಆರ್‌ಎಫ್ ಬರದಿದ್ದರೆ?

ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುವವರಿಗೆ ನಾನ್-ನೆಟ್ ಫೆಲೋಶಿಪ್ ಎಂದು ತಿಂಗಳಿಗೆ 8,000 ಇದೆ. ಮೈಸೂರು ವಿಶ್ವವಿದ್ಯಾಲಯ ರಾಜ್ಯದ್ದಾದ್ದರಿಂದ ಆ ಯೋಜನೆ ಇಲ್ಲಿಗೆ ಬರುವುದಿಲ್ಲ. ಮಾನವಶಾಸ್ತ್ರದವರು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಡಾಕ್ಟರಲ್ ಫೆಲೋಶಿಪ್‌ಗೆ ಪ್ರಯತ್ನಿಸಬಹುದು. ನಾವು ನೋಡಿದ ಅಧಿಸೂಚನೆಯಲ್ಲಿ ಅದು ತಿಂಗಳಿಗೆ 20,000 ಇತ್ತು. ಪುರಾತತ್ವ, ಶಾಸನ, ಇತಿಹಾಸದವರಿಗೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನದು, ತಿಂಗಳಿಗೆ 17,600. ಪರಿಷತ್ತಿನ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ ಮೈಸೂರಿನ ಬೋಗಾದಿಯಲ್ಲಿದೆ. ಅಲ್ಲಿನ ವಸ್ತುಸಂಗ್ರಹಾಲಯವನ್ನಾದರೂ ಒಮ್ಮೆ ನೋಡಿ ಬರಬಹುದು.

ಮನೆಗೆ ಒಬ್ಬಳೇ ಮಗಳಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಗಮನಿಸಿ. ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇರಬಾರದು, ಅವಳಿ ಹೆಣ್ಣುಮಕ್ಕಳಾದರೆ ನಡೆಯುತ್ತದೆ. ರೆಗ್ಯುಲರ್ ಪಿಎಚ್‌ಡಿಗೆ ಸೇರಿರಬೇಕು, ಎನ್‌ಇಟಿ ಬೇಕಿಲ್ಲ.

ಪಿಎಚ್‌ಡಿ ಬೇಡ, ಉತ್ಖನನವೇ ಕಲಿಯಬೇಕು ಅನ್ನುವವರಿಗೆ ಗ್ರೇಟರ್ ನೋಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ನಡೆಸುವುದು ಭಾರತೀಯ ಪುರಾತತ್ವ ಸರ್ವೇಕ್ಷಣೆ. ಸೀಟು 15 ಮಾತ್ರ, ಆಯ್ಕೆಯಾದವರಿಗೆ ತಿಂಗಳ ಶಿಷ್ಯವೇತನ. 2020ರ ಅಕ್ಟೋಬರಿನಲ್ಲಿ ಬಂದ ಅಧಿಸೂಚನೆಯಲ್ಲಿ ಭಾಷಾ ವಿಷಯಗಳ ಪೈಕಿ ಸಂಸ್ಕೃತ, ಪಾಲಿ, ಪ್ರಾಕೃತ, ಅರೇಬಿಕ್, ಪರ್ಷಿಯನ್ ಎಂಎ ಪದವಿ ಮಾತ್ರ ಅರ್ಹ ಎಂದಿತ್ತು. ತಮಿಳುನಾಡಿನಿಂದ ಜೋರಾಗಿ ಆಕ್ಷೇಪ ಬಂದ ಮೇಲೆ ತಿದ್ದಿ ತಮಿಳಿನ ಜೊತೆಗೆ ಕನ್ನಡ, ತೆಲುಗು, ಮಲಯಾಳಂ, ಒಡಿಯಾವನ್ನೂ ಸೇರಿಸಿದರು. ಗಲಾಟೆ ಮಾಡಿದ್ದು ತಮಿಳರು, ಲಾಭ ನಮಗೂ ಆಯಿತು. ಹೀಗಾಗಿ ಕನ್ನಡ ಎಂಎ ಮಾಡಿ ಶಾಸನ ಓದಬಲ್ಲವರಿಗೂ ಆ ಬಾಗಿಲು ತೆರೆಯಿತು.

ವಿದೇಶದ ಮಾತು ಚುಟುಕಾಗಿ. ಪರಿಶಿಷ್ಟ ಜಾತಿ ಮೊದಲಾದ ವರ್ಗಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ ಎಂದು ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. ಆದರೆ 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಅಧ್ಯಯನದ ವಿಷಯಗಳಿಗೆ ಅದು ಅನ್ವಯಿಸುವುದಿಲ್ಲ ಎಂಬ ಷರತ್ತು ಸೇರಿತು. ಮಳವಳ್ಳಿಯ ವೀರಗಲ್ಲುಗಳ ಬಗ್ಗೆ ಲಂಡನ್ನಿನಲ್ಲಿ ಪಿಎಚ್‌ಡಿ ಮಾಡುತ್ತೇನೆ ಅನ್ನುವ ದಲಿತ ವಿದ್ಯಾರ್ಥಿಗೆ ಈ ಷರತ್ತು ನೇರವಾಗಿ ತಟ್ಟುತ್ತದೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಮಾರ್ಗಸೂಚಿ ಓದಿ. ಅಮೆರಿಕದ ವೆನ್ನರ್-ಗ್ರೆನ್ ಫೌಂಡೇಶನ್ ಮಾತ್ರ ಯಾವ ದೇಶದ ಪಿಎಚ್‌ಡಿ ವಿದ್ಯಾರ್ಥಿಗಾದರೂ ಮಾನವಶಾಸ್ತ್ರದ ಕ್ಷೇತ್ರಕಾರ್ಯಕ್ಕೆ ಹಣ ಕೊಡುತ್ತದೆ. ಪುರಾತತ್ವವೂ ಅದರಲ್ಲಿ ಸೇರಿದೆ.

ಲಿಂಕ್ ಒತ್ತುವ ಮುಂಚೆ

ಮೇಲೆ ಹೇಳಿದ ಸರ್ಕಾರಿ ವಿದ್ಯಾರ್ಥಿವೇತನ, ಫೆಲೋಶಿಪ್ ಮಂಜೂರು ಮಾಡಲು ಯಾರೂ ಫೋನ್‌ಪೇಯಲ್ಲಿ ದುಡ್ಡು ಕೇಳುವುದಿಲ್ಲ. ಎನ್‌ಇಟಿ ಪರೀಕ್ಷೆಗೆ ಶುಲ್ಕ ಉಂಟು, 2024ರಲ್ಲಿ ಸಾಮಾನ್ಯ ವರ್ಗಕ್ಕೆ 1,150, ಹಿಂದುಳಿದ ವರ್ಗಕ್ಕೆ 600, ಪರಿಶಿಷ್ಟರಿಗೆ 325. ಅದನ್ನು ಕಟ್ಟುವುದು ಪರೀಕ್ಷಾ ಸಂಸ್ಥೆಯ ಸ್ವಂತ ಜಾಲತಾಣದಲ್ಲಿ. ಸರ್ಕಾರಿ ವಿಳಾಸ ಸಾಮಾನ್ಯವಾಗಿ ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಎಂದು ಮುಗಿಯುತ್ತದೆ. ಈ ಪದಗಳು ವಿಳಾಸದ ನಡುವೆ ಎಲ್ಲೋ ಇದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ನಕಲಿ. ಓದುಗರು ಕಳುಹಿಸಿದ ಲಿಂಕ್ ಅಂಥದ್ದೇ.

ಅರ್ಜಿಗಳು ಬೀಳುವುದು ಹೆಚ್ಚಾಗಿ ಎರಡು ಕಡೆ. ಒಂದು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರುವುದಿಲ್ಲ, ಅಥವಾ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಇನಿಷಿಯಲ್ ವ್ಯತ್ಯಾಸ. ಎರಡು, ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಎ ಪ್ರಮಾಣಪತ್ರ ಕೇಂದ್ರದ ಯೋಜನೆಗೆ ನಡೆಯುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆಯೂ ಬೇರೆ. ನಿಮ್ಮ ಜಾತಿ ಆ ಪಟ್ಟಿಯಲ್ಲಿದೆಯೇ ನೋಡಿಕೊಂಡು, ಕೆನೆಪದರಕ್ಕೆ ಸೇರಿಲ್ಲ ಎಂಬ ಕೇಂದ್ರ ನಮೂನೆಯ ಪತ್ರವನ್ನೇ ಕೇಳಿ ಪಡೆಯಬೇಕು. ಅರ್ಜಿಯ ಕೊನೆಯ ವಾರದಲ್ಲಿ ನಾಡಕಚೇರಿಗೆ ಓಡಿದರೆ ಸಿಗುವುದು ಕಷ್ಟ, ಎಂಎ ಸೇರುವ ತಿಂಗಳಲ್ಲೇ ಮಾಡಿಸಿಟ್ಟುಕೊಳ್ಳಿ.