ಕಂಬಗಳ ನಡುವೆ ನಡೆಯುವವರು

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಕಟ್ಟಡ ಅದು. ಜವಳಿ ಅಂಗಡಿ, ದಿನಸಿ ಮಳಿಗೆ, ಮೇಲೊಂದು ಹೋಟೆಲು, ಎಲ್ಲವೂ ಒಂದೇ ಸೂರಿನಡಿ. ಹೆಸರು ಬೇಡ. ಇಂಥ ಕಟ್ಟಡಗಳು ಈಗ ಎಲ್ಲ ದೊಡ್ಡ ಬಡಾವಣೆಗಳಲ್ಲೂ ಇವೆ, ನಾನು ಬರೆಯುತ್ತಿರುವುದೂ ಅದರ ಅಂಗಡಿಗಳ ಬಗ್ಗೆ ಅಲ್ಲ, ನೆಲದಡಿಯ ಪಾರ್ಕಿಂಗ್ ಬಗ್ಗೆ.

ಗೇಟಿನಲ್ಲಿ ಚೀಟಿ ಕೊಟ್ಟರು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ವಾಹನಕ್ಕೆ ಆಗುವ ಹಾನಿಗೆ ಮಾಲೀಕರೇ ಹೊಣೆ ಎಂದಿತ್ತು. ಅಲ್ಲಿಂದ ಇಳಿಜಾರು. ಮಧ್ಯಾಹ್ನದ ಬಿಸಿಲಿನಿಂದ ಒಳಕ್ಕೆ ಇಳಿದಾಗ ಒಂದಷ್ಟು ಹೊತ್ತು ಕಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ತಿರುವಿನಲ್ಲಿ ಹಾಕಿದ್ದ ಉಬ್ಬು ಕನ್ನಡಿಯ ಮೇಲೆ ದೂಳು ಕೂತಿತ್ತು. ಅದರಲ್ಲಿ ಹೆಡ್‌ಲೈಟ್ ಕಾಣಬಹುದು, ನಡೆದು ಬರುವ ಮನುಷ್ಯ ಕಾಣುತ್ತಾನೆಯೇ ಎಂಬುದು ಅನುಮಾನ.

ಕೆಳಗೆ ಕಂಬಗಳ ಸಾಲು. ಹಳದಿ ಕಪ್ಪು ಪಟ್ಟೆ ಬಳಿದು, ಮೂಲೆಗಳಿಗೆ ರಬ್ಬರ್ ಕಟ್ಟಿದ್ದಾರೆ. ನಡುವೆ ಬಿಳಿ ಗೆರೆಯ ಚೌಕಗಳು. ಸಾಮಾನ್ಯವಾಗಿ ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಲೆಕ್ಕ ಹಾಕುತ್ತಾರೆ. ಈಗಿನ ದೊಡ್ಡ ಕಾರುಗಳೇ ಹೆಚ್ಚುಕಡಿಮೆ 1.8 ಮೀಟರ್ ಅಗಲ. ಉಳಿದ ಜಾಗದಲ್ಲೇ ಬಾಗಿಲು ತೆಗೆಯಬೇಕು, ಮೈ ಓರೆ ಮಾಡಿಕೊಂಡು ಹೊರಗೆ ಬರಬೇಕು. ಬಂದವರು ಮುಂದೆ ಎಲ್ಲಿ ನಡೆಯಬೇಕು? ಕಾರು ನಿಲ್ಲಿಸಿ ಲಿಫ್ಟಿನ ಕಡೆ ಹೊರಟಾಗ ನಾನು ನೆಲ ನೋಡುತ್ತಾ ಹೋದೆ. ವಾಹನಗಳಿಗೆ ಬಾಣದ ಗುರುತುಗಳಿದ್ದವು, ಕಂಬಕ್ಕೊಂದು ಸಂಖ್ಯೆ ಇತ್ತು. ನಡೆಯುವವರಿಗೆಂದು ಒಂದು ಗೆರೆಯೂ ಇರಲಿಲ್ಲ. ಕಾರು ಓಡಾಡುವ ದಾರಿಯಲ್ಲೇ, ನಿಂತ ಕಾರುಗಳ ಬೆನ್ನಿಗೆ ಸವರಿಕೊಂಡು, ಎಲ್ಲರೂ ನಡೆಯುತ್ತಿದ್ದರು. ಮಗುವನ್ನು ಎತ್ತಿಕೊಂಡ ತಾಯಿ, ಅಕ್ಕಿ ಚೀಲದ ಟ್ರಾಲಿ ತಳ್ಳುವ ಹುಡುಗ, ವಯಸ್ಸಾದವರು, ಎಲ್ಲರಿಗೂ ಅದೊಂದೇ ದಾರಿ.

ಲಿಫ್ಟಿಗೆ ಸ್ವಲ್ಪ ಮೊದಲು, ದಪ್ಪ ಕಂಬವೊಂದರ ಪಕ್ಕ, ಅರವತ್ತು ದಾಟಿದ ದಂಪತಿ ನನ್ನ ಮುಂದೆ ಹೋಗುತ್ತಿದ್ದರು. ಯಜಮಾನರ ಕೈಯಲ್ಲಿ ಸೀರೆ ಅಂಗಡಿಯ ಚೀಲ. ಕಂಬದ ಆಚೆಯಿಂದ ಕಾರೊಂದು ಹಿಂದಕ್ಕೆ ಬಂತು. ಮೆಲ್ಲಗೇ ಬಂತು ಎಂದು ನನ್ನ ನೆನಪು. ಬಂಪರು ಆಕೆಗೆ ತಾಗಿತೋ, ಗಾಬರಿಯಿಂದ ಪಕ್ಕಕ್ಕೆ ಸರಿಯಲು ಹೋಗಿ ಕಾಲು ತಪ್ಪಿತೋ, ನಾನಿದ್ದ ಕಡೆಯಿಂದ ಖಚಿತವಾಗಿ ಕಾಣಲಿಲ್ಲ. ನೋಡಿದ್ದು ಇಷ್ಟು: ಆಕೆ ಬಲಗೈ ಊರಿ ಬಿದ್ದರು, ಗಾಜಿನ ಬಳೆ ಒಡೆದ ಸದ್ದಾಯಿತು, ಕಾರು ನಿಂತಿತು.

ಮೊದಲು ಓಡಿಬಂದ ಇಬ್ಬರು ಆಕೆಯ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಬಿದ್ದವರನ್ನು ತಕ್ಷಣ ನಿಲ್ಲಿಸಬಾರದು. ಕತ್ತಿಗೋ ಬೆನ್ನಿಗೋ ಪೆಟ್ಟಾಗಿದ್ದರೆ ಹಾಗೆ ಎಳೆದು ಎತ್ತುವುದರಿಂದಲೇ ದೊಡ್ಡ ಕೇಡಾಗಬಹುದು. "ಸ್ವಲ್ಪ ಹಾಗೇ ಇರ್ಲಿ, ಎತ್ತಬೇಡಿ" ಎಂದೆ. ಬಿಟ್ಟರು. ಅದಕ್ಕಿಂತ ತುರ್ತಾಗಿ ಆಗಬೇಕಾದ ಕೆಲಸ ಬೇರೆ ಇತ್ತು. ಇಳಿಜಾರಿನಿಂದ ಇನ್ನೊಂದು ಕಾರು ಬರುತ್ತಿತ್ತು, ನಾವೆಲ್ಲ ಕೂತಿದ್ದುದು ಕಂಬದ ಮರೆಯಲ್ಲಿ. ಕಾವಲಿನವರನ್ನು ಕೂಗಿ ಕರೆದು ಆ ಕಡೆ ನಿಲ್ಲಿಸಿದೆವು. ಅವರು ಸೀಟಿ ಊದಿ, ಕೆಂಪು ಕೋನ್ ಎರಡನ್ನು ಅಡ್ಡ ಇಟ್ಟರು. ಕಾರಿನ ಹುಡುಗನಿಗೆ ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಹಾಕುವಂತೆ ಹೇಳಬೇಕಾಯಿತು. ಅವನ ಕೈ ನಡುಗುತ್ತಿತ್ತು.

"ಅಮ್ಮಾ, ತಲೆಗೆ ಏನಾದ್ರೂ ತಗುಲಿತಾ? ಕತ್ತು ನೋವಿದೆಯಾ?" ಇಲ್ಲ ಎಂದರು. ಎರಡು ಕಾಲೂ ಆಡಿಸಿ ತೋರಿಸಿದರು. ತಲೆಗೆ ಪೆಟ್ಟು ಬಿದ್ದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಅದನ್ನೂ ಕೇಳಿದೆ. ಬಿಪಿ, ಶುಗರ್ ಮಾತ್ರೆ ಬಿಟ್ಟರೆ ಬೇರೆ ಏನಿಲ್ಲ ಎಂದು ಯಜಮಾನರೇ ಉತ್ತರ ಕೊಟ್ಟರು. ಆಮೇಲೆ ನಿಧಾನವಾಗಿ ಕಂಬಕ್ಕೆ ಒರಗಿಸಿ ಕೂರಿಸಿದೆವು.

ನೋವಿದ್ದದ್ದು ಮಣಿಕಟ್ಟಿನಲ್ಲಿ. ಬೀಳುವಾಗ ಯಾರಾದರೂ ಕೈ ಊರುತ್ತಾರೆ, ಮೈಯ ಭಾರವೆಲ್ಲ ಅಂಗೈ ಮೇಲೆ ಬಿದ್ದು ಮಣಿಕಟ್ಟಿನ ಹತ್ತಿರ ಮೂಳೆ ಬಿರುಕು ಬಿಡುವುದುಂಟು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆದು ತೆಳ್ಳಗಾಗುವುದರಿಂದ ಅವರಲ್ಲಿ ಇದು ಹೆಚ್ಚು. ಬಿರುಕೋ ಉಳುಕೋ ಹೊರಗಿನಿಂದ ನೋಡಿ ಹೇಳಲು ನನಗೆ ಬರುವುದಿಲ್ಲ, ಎಕ್ಸ್‌ರೇ ಇಲ್ಲದೆ ಯಾರೂ ಹೇಳಬಾರದು ಕೂಡ. ಗುಂಪಿನಲ್ಲಿ ಒಬ್ಬರು "ಸ್ವಲ್ಪ ಎಳೆದು ನೀವಿದರೆ ಸರಿಹೋಗುತ್ತೆ" ಎಂದು ಮುಂದೆ ಬಂದರು. ಬೇಡ ಎಂದು ಕೈಮುಗಿದೆ.

ಬೆರಳು ಆಗಲೇ ಊದತೊಡಗಿತ್ತು. ಉಂಗುರ, ಬಳೆ ತೆಗೆಯಬೇಕು. ಊತ ಏರಿದ ಮೇಲೆ ಅವು ಬರುವುದಿಲ್ಲ, ರಕ್ತ ಹರಿಯಲು ಬಿಡುವುದಿಲ್ಲ, ಕೊನೆಗೆ ಕತ್ತರಿಸಬೇಕಾಗುತ್ತದೆ. ಉಂಗುರ ಸಲೀಸಾಗಿ ಬಂತು. ಒಡೆದ ಗಾಜಿನ ಚೂರುಗಳನ್ನು ಜೋಪಾನವಾಗಿ ಎತ್ತಿ ಪಕ್ಕಕ್ಕಿಟ್ಟೆ. ಉಳಿದದ್ದು ಒಂದು ಚಿನ್ನದ ಬಳೆ. ಅದಕ್ಕೆ ಕೈ ಹಾಕಿದಾಗ ಆಕೆ ತಡೆದರು. "ಅದೊಂದು ಇರ್ಲಿ ಕಣಮ್ಮಾ. ಕೈ ಬರಿದು ಮಾಡ್ಬೇಡ." ನಾನು ಒತ್ತಾಯ ಮಾಡಲಾರದೆ ಯಜಮಾನರ ಮುಖ ನೋಡಿದೆ. ಅವರು ಹೆಂಡತಿಯ ಪಕ್ಕ ನೆಲದ ಮೇಲೆ ಕೂತು, "ತೆಗಿಸ್ಕೋ. ನನಗೇನೂ ಆಗಲ್ಲ" ಎಂದರು. ತಿರುಪಿನ ಬಳೆಯಾದ್ದರಿಂದ ಕೈಯನ್ನು ಹಿಂಡದೆ ಬಿಚ್ಚಲು ಬಂತು. ಅದನ್ನು ಅವರೇ ಆಕೆಯ ಎಡಗೈಗೆ ಹಾಕಿದರು.

ಹತ್ತಿರದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿಲ್ಲ. ಮೇಲಿನ ಕಚೇರಿಯಲ್ಲಿದೆ ಎಂದರು. ಅದು ಬರುವವರೆಗೆ ಕಾಯಲಿಲ್ಲ. ಹೊಸ ಸೀರೆಯ ಡಬ್ಬದ ರಟ್ಟನ್ನು ಮಡಚಿ ಮುಂಗೈ ಕೆಳಗೆ ಆಸರೆ ಕೊಟ್ಟು, ಅಲ್ಲೇ ಇದ್ದ ಕಾಲೇಜು ಹುಡುಗಿಯೊಬ್ಬಳು ಬಿಚ್ಚಿಕೊಟ್ಟ ದುಪಟ್ಟಾದಿಂದ ಕೈಯನ್ನು ಕತ್ತಿಗೆ ಜೋಲಿ ಕಟ್ಟಿದೆವು. ಬಿಗಿಯಾಗಿ ಕಟ್ಟಬಾರದು. ಬೆರಳ ತುದಿ ಹೊರಗೆ ಕಾಣುತ್ತಿರಬೇಕು, ಬಣ್ಣ ನೀಲಿಗೆ ತಿರುಗಿದರೆ ತಕ್ಷಣ ಸಡಿಲಿಸಬೇಕು.

ಇಷ್ಟರಲ್ಲಿ ಯಾರೋ 108ಕ್ಕೆ ಫೋನ್ ಮಾಡಲು ಹೊರಟರು. ನೆಲದಡಿಯಲ್ಲಿ ಸಿಗ್ನಲ್ಲೇ ಇಲ್ಲ. ಕಾಂಕ್ರೀಟಿನ ಚಾವಣಿಯ ಕೆಳಗೆ ಇದು ಸಾಮಾನ್ಯ. ಯಾವುದಾದರೊಂದು ಕಂಪನಿಯ ಜಾಲ ಸಿಕ್ಕರೂ 112ಕ್ಕೆ ಕರೆ ಹೋಗುತ್ತದೆ, ಆದರೆ ಅಲ್ಲಿ ಯಾವುದೂ ಇದ್ದಂತೆ ಕಾಣಲಿಲ್ಲ. ಇಳಿಜಾರಿನ ಅರ್ಧಕ್ಕೆ ಓಡಬೇಕು, ಇಲ್ಲವೇ ಕಾವಲಿನವರ ವಾಕಿಟಾಕಿ. ಇದೇ ಜಾಗದಲ್ಲಿ ಯಾರಿಗಾದರೂ ಎದೆನೋವು ಬಂದಿದ್ದರೆ ಎಂದು ಯೋಚಿಸಿ ನನಗೆ ನಿಜವಾಗಿಯೂ ಭಯವಾಯಿತು.

ಕೂರಬಲ್ಲವರಾಗಿದ್ದರಿಂದ ಆಂಬುಲೆನ್ಸ್ ಬೇಕಾಗಲಿಲ್ಲ. ಕಾರಿನ ಹುಡುಗನೇ "ನಾನೇ ಕರ್ಕೊಂಡು ಹೋಗ್ತೀನಿ ಅಂಕಲ್" ಎಂದ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಆ ಹುಡುಗನಿಗೆ ಅದು ಗೊತ್ತಿತ್ತೋ ಇಲ್ಲವೋ, ಮಾಡಿದ್ದು ಸರಿಯಾದದ್ದನ್ನೇ.

ಅವರು ಹೊರಡುವ ಮೊದಲು ಕಾರಿನ ನಂಬರ್, ಹುಡುಗನ ಫೋನ್ ನಂಬರ್ ಯಜಮಾನರಿಗೆ ಬರೆದುಕೊಟ್ಟೆ. ಸುತ್ತ ನಿಂತವರಲ್ಲಿ ಕೆಲವರು ಆಗಲೇ ಹಿಂದೆ ಸರಿದಿದ್ದರು. "ಸಾಕ್ಷಿ ಅಂತ ಸ್ಟೇಷನ್‌ಗೆ ಅಲೆಸ್ತಾರೆ ಮೇಡಂ" ಎಂದರೊಬ್ಬರು. ಆ ಭಯ ಎಷ್ಟು ಜನರ ಕೈ ಕಟ್ಟಿಹಾಕಿದೆಯೋ. ನೆರವಿಗೆ ಬಂದವರನ್ನು ಕಾಪಾಡಲು ನಮ್ಮ ರಾಜ್ಯವೇ ಒಂದು ಕಾಯ್ದೆ ಮಾಡಿದೆ. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ 134ಎ ಎಂಬ ಕಲಂ ಸೇರಿತು, ಮರುವರ್ಷ ಅದರ ನಿಯಮಗಳು ಬಂದವು. ನೆರವಾದವರ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ತಾವಾಗಿ ಸಾಕ್ಷಿ ಹೇಳಲು ಒಪ್ಪಿದರೆ ಅವರಿಗೆ ಅನುಕೂಲವಾದ ಜಾಗದಲ್ಲೇ ಹೇಳಿಕೆ ಪಡೆಯಬಹುದು. ಇದನ್ನೆಲ್ಲ ಅವರಿಗೆ ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಕಾರು ಹೋದ ಮೇಲೆ ನಾನು ಲಿಫ್ಟಿಗೆ ಹೋಗದೆ ಆ ಖಾಲಿ ಚೌಕದೊಳಗೆ ಹೋಗಿ ನಿಂತೆ, ಚಾಲಕನ ಸೀಟು ಇದ್ದಿರಬಹುದಾದ ಕಡೆ. ಅಲ್ಲಿಂದ ಹಿಂದಕ್ಕೆ ತಿರುಗಿ ನೋಡಿದರೆ ಒಂದು ಬದಿಗೆ ಕಂಬ, ಇನ್ನೊಂದು ಬದಿಗೆ ಎತ್ತರದ ಗಾಡಿ. ನಡುವೆ ಕಾಣುವ ದಾರಿ ಒಂದು ಬಾಗಿಲಿನಷ್ಟು ಅಗಲ. ಕಂಬದ ಪಕ್ಕದಿಂದ ನಡೆದು ಬರುವವರು ಕಾಣಿಸುವ ಹೊತ್ತಿಗೆ ಕಾರಿನ ಹಿಂದೆಯೇ ಇರುತ್ತಾರೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಆದರೆ ಬಂಪರಿನಲ್ಲಿರುವ ಆ ಸೆನ್ಸರ್‌ಗಳು ನೇರ ಹಿಂದಿರುವುದನ್ನು ಗುರುತಿಸುವಂಥವು, ಪಕ್ಕದಿಂದ ಬರುವವರನ್ನು ಮೊದಲೇ ಹೇಳಲಾರವು. ಒಳಗೆ ಬರುವಾಗಲೇ ಹಿಂದಕ್ಕೆ ಹಾಕಿ ನಿಲ್ಲಿಸಿದ್ದರೆ ಹೊರಡುವಾಗ ಚಾಲಕನ ಕಣ್ಣು ಮುಂದಿರುತ್ತಿತ್ತು. ಆ ಸಾಲಿನಲ್ಲಿ ಹೆಚ್ಚಿನ ಕಾರುಗಳು ಮೂತಿ ಗೋಡೆಗೆ ಮಾಡಿಕೊಂಡೇ ನಿಂತಿದ್ದವು. ಮೇಲಿನ ದೀಪಗಳಲ್ಲಿ ಒಂದು ಬಿಟ್ಟು ಒಂದು ಆರಿತ್ತು. ಕರೆಂಟು ಉಳಿಸಲು ಇರಬಹುದು, ಕೆಟ್ಟೂ ಇರಬಹುದು.

ಮೇಲ್ವಿಚಾರಕರು ಬಂದಾಗ ಇದನ್ನೆಲ್ಲ ತೋರಿಸಿದೆ. ಅವರು ಬೇಸರ ಮಾಡಿಕೊಳ್ಳದೆ ಕೇಳಿದರು. "ನಾವು ಹೇಳಿದ್ರೆ ಮೇಲಿನವರು ಕಿವಿಗೆ ಹಾಕ್ಕೊಳ್ಳಲ್ಲ ಮೇಡಂ. ಗ್ರಾಹಕರು ಬರೆದುಕೊಟ್ರೆ ಫೈಲಿಗೆ ಹೋಗುತ್ತೆ" ಎಂದು ದೂರಿನ ಪುಸ್ತಕ ತರಿಸಿದರು. ಕಂಬದ ಸಂಖ್ಯೆ ನೋಡಿ ಬರೆದೆ: ಇಲ್ಲೊಂದು ಉಬ್ಬು ಕನ್ನಡಿ ಬೇಕು, ಇರುವ ಕನ್ನಡಿಯನ್ನು ಒರೆಸಬೇಕು. ಲಿಫ್ಟಿನವರೆಗೆ ನಡೆಯುವವರಿಗೆ ಬೇರೆ ಬಣ್ಣದ ಪಟ್ಟಿ ಬಳಿದು, ಅದರ ಮೇಲೆ ಗಾಡಿ ನಿಲ್ಲಿಸದಂತೆ ನೋಡಿಕೊಳ್ಳಬೇಕು. ದೀಪಗಳೆಲ್ಲ ಉರಿಯಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಈ ಮಹಡಿಯಲ್ಲೇ ಇರಬೇಕು, ಮೇಲಕ್ಕೆ ಮಾತಾಡಲು ತಂತಿಯ ಫೋನೊಂದು ಲಿಫ್ಟಿನ ಬಳಿ ಬೇಕು. ಮೇಲ್ವಿಚಾರಕರು ಓದಿ, ಕೆಳಗೆ ತಾವೂ ಸಹಿ ಹಾಕಿದರು. ಕನ್ನಡಿ ಬರುವವರೆಗೆ ಆ ಕಂಬದ ಪಕ್ಕದ ಚೌಕವನ್ನು ಖಾಲಿ ಬಿಡುವಂತೆ ಕಾವಲಿನವರಿಗೆ ಹೇಳಿದರು. ಕೋನ್ ಎರಡನ್ನೂ ತೆಗೆದು ಅಲ್ಲಿಗೇ ಇಟ್ಟರು.